ದಣಿವಿನ ಬೋರ್ಡು

ಸೌದಿಯಲ್ಲಿ ಶುಕ್ರವಾರ, ಶನಿವಾರದ ರಜೆ ಹೊಸದಾಗಿ ಬಂದ ಕಾಲ. ರಿಯಾದಿನ ನಮ್ಮ ಕಟ್ಟಡ ಕಂಪನಿಯ ಆಫೀಸಿನ ಬಿಳಿ ಬೋರ್ಡಿನಲ್ಲಿ ದಿನದ ಕೆಲಸ ಬರೆಯಬೇಕಿತ್ತು. ಅಲ್ಲಿದ್ದದ್ದು ದಣಿವಿಗೆ ಬ್ರಿಟಿಷರು ಬಳಸುವ ಪೋಲಿ ಪದಗಳು: ನ್ಯಾಕರ್ಡ್, ಶ್ಯಾಟರ್ಡ್, ಕ್ರೀಮ್ ಕ್ರ್ಯಾಕರ್ಡ್. ಬ್ರಿಟಿಷ್ ಮ್ಯಾನೇಜರ್ ಹುಟ್ಟುಹಾಕಿದ ಆಟ ಅದು. ಜಿದ್ದಾದ ಸಮುದ್ರದಲ್ಲಿ ಎರಡು ದಿನ ಈಜಿ ಬಂದು, ಭಾನುವಾರ ಕುರ್ಚಿಗೆ ಒರಗಿ ಒಂದು ಪದ ಉದುರಿಸುತ್ತಿದ್ದ. ಹೊಸ ಪದ ಸೇರಿಸಿದವರಿಗೆ ಕಾಫಿ. ಊರಿನ ಸುದ್ದಿಮನೆ ಬಿಟ್ಟು ಇಲ್ಲಿ ದಿನದ ವರದಿ ಬರೆಯುತ್ತಿದ್ದ ನಾನು ಎರಡು ಕಾಫಿ ಗೆದ್ದಿದ್ದೆ.

ಮಲಾಜ್ ಬಡಾವಣೆಯಿಂದ ಸೈಟಿಗೆ ಕಾರ್ಮಿಕರ ಬಸ್ಸು ಓಡಿಸುತ್ತಿದ್ದವರು ಪುತ್ತೂರಿನ ಕಡೆಯ ಒಬ್ಬ ಬ್ಯಾರಿ, ಐವತ್ತು ದಾಟಿದವರು. ಜೊತೆಯ ಚಾಲಕ ಊರಿಗೆ ಹೋದ ಮೇಲೆ ಹನ್ನೊಂದು ದಿನಗಳಿಂದ ಎರಡೂ ಪಾಳಿ ಅವರದೇ. ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದರು.

"ಸಾಹೇಬರಿಗೆ ನೀವೇ ಹೇಳಿ ಮಾರಾಯ್ರೆ. ಸ್ಟೇರಿಂಗ್ ಹಿಡಿದ್ರೆ ಕಣ್ಣು ತಾನಾಗಿ ಮುಚ್ಚುತ್ತದೆ. ಒಂದು ದಿನ ಸಾಕು, ಮಲಗಿ ಏಳ್ತೇನೆ."

ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂಬುದು ಕಂಪನಿಯ ನಿಯಮ. ನಾನೇ ಬರೆದೆ. ಕಾರಣದ ಜಾಗದಲ್ಲಿ 'ಟಯರ್ಡ್' ಎಂದಷ್ಟೇ ಇತ್ತು. ಮ್ಯಾನೇಜರ್ ಓದಿ ಬೋರ್ಡಿನತ್ತ ಬೆರಳು ತೋರಿಸಿದ.

"ಇಷ್ಟು ಸಪ್ಪೆ ಪದವೇ? ಅಲ್ಲಿಂದ ಒಂದು ಒಳ್ಳೆಯದನ್ನು ಆರಿಸಿಕೊಳ್ಳಲು ಹೇಳು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಚಾಲಕರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ಎಂತ ತಮಾಷೆ ಇದು? ಹಿಂದೆ ನಲ್ವತ್ತು ಜನ ಕೂತಿರ್ತಾರೆ," ಎಂದವರೇ ಬಸ್ಸಿನ ಕೀಯನ್ನು ನನ್ನ ಮೇಜಿನ ಮೇಲಿಟ್ಟರು.

ಓಡಿಸದಿದ್ದರೆ ವಾಸದ ಪರವಾನಗಿ ಇಕಾಮಾ ರದ್ದು, ನೇರ ಊರಿಗೆ ಎಂದ ಮ್ಯಾನೇಜರ್. ಅದನ್ನೂ ನಾನೇ ಹೇಳಬೇಕಾಯಿತು.

"ಕಳಿಸ್ಲಿ. ಪೆಟ್ಟಿಗೆಯಲ್ಲಿ ಹೋಗುದಕ್ಕಿಂತ ಸೀಟಲ್ಲಿ ಕೂತು ಹೋಗ್ತೇನೆ."

ವಜಾ ಪತ್ರ ಟೈಪು ಮಾಡಿದ್ದು ನಾನು. ಕಾರಣ: ಕೆಲಸ ಮಾಡಲು ನಿರಾಕರಣೆ. ಸುದ್ದಿಮನೆಯಲ್ಲಾಗಿದ್ದರೆ ಅಂಥ ಅರ್ಧಸತ್ಯದ ಸಾಲನ್ನು ಹೊಡೆದುಹಾಕುತ್ತಿದ್ದೆ. ಇಲ್ಲಿ ಅಕ್ಷರದೋಷ ಮಾತ್ರ ತಿದ್ದಿದೆ. ಅವರು ಓದಿಸಿಕೊಳ್ಳದೆ ಸಹಿ ಹಾಕಿದರು.

ಮಧ್ಯಾಹ್ನ ಕಾರ್ಮಿಕರು ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಬದಲಿಗೆ ಬಂದವನು ಹಿಂದಿನ ರಾತ್ರಿಯಿಡೀ ಇನ್ನೊಂದು ಸೈಟಿನ ಬಸ್ಸು ಓಡಿಸಿ ಆಗತಾನೇ ಮಲಗಿದ್ದವನು. ಒದ್ದೆ ಮುಖ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಆಫೀಸಿನೊಳಗೆ ಬಂದ. ನಾನು ಅವನ ಮುಖ ನೋಡಿದೆ. ಆಮೇಲೆ ಕೀ ಕೊಟ್ಟೆ.