ಸೆಲ್ ಇಲ್ಲದ ರೇಡಿಯೋ ಪಾಠ

ನಾನು ನಿವೃತ್ತನಾದ ದಿನ ಬೆಳಗಾವಿಯ ಸಹೋದ್ಯೋಗಿಗಳು ಶಾಲು ಹೊದಿಸಿ, ಆಟ ಆಡಿಸುತ್ತ ಪಾಠ ಹೇಳುವುದನ್ನು ಈ ಭಾಗದ ಮಾಸ್ತರರಿಗೆ ಕಲಿಸಿದವರೇ ಇವರು ಎಂದು ಭಾಷಣ ಮಾಡಿದರು. ನಾನು ಕೈಮುಗಿದು ಕುಳಿತಿದ್ದೆ. ಅದು ಸುಳ್ಳು ಎಂದು ಗೊತ್ತಿದ್ದವರು ನಾನು ಮತ್ತು ಇನ್ನೊಬ್ಬಳು. ಅವಳು ನನ್ನ ವಿದ್ಯಾರ್ಥಿನಿ, ಎಮ್ಮೆ ಸಾಕುವ ಗೌಳಿಗರ ಮನೆಯ ಹುಡುಗಿ. ಈ ಕಥೆ ನಡೆದಾಗ ಮೂರನೇ ಇಯತ್ತೆಯಲ್ಲಿದ್ದಳು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಶಾಲೆ ಇದ್ದದ್ದು ಖಾನಾಪುರ ದಾಟಿ, ಗುಂಜಿ ಸ್ಟೇಷನ್ನಿನಲ್ಲಿ ಇಳಿದು, ಕಾಡಂಚಿನ ದಾರಿಯಲ್ಲಿ ಮುಕ್ಕಾಲು ತಾಸು ನಡೆದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಮುಂಜಾನೆ ಪ್ಯಾಸೆಂಜರ್ ಹಿಡಿದು ಹೋಗುವುದು, ಸಂಜೆ ಬೆವರು ಒರೆಸಿಕೊಳ್ಳುತ್ತ ಬರುವುದು. ನನಗೆ ಬೇಕಾಗಿದ್ದದ್ದು ಒಂದೇ: ಬೆಳಗಾವಿ ಪೇಟೆಯೊಳಗಿನ ಯಾವುದಾದರೂ ಶಾಲೆಗೆ ವರ್ಗ. ಆ ಆಸೆಯೊಳಗೆ ಅಲ್ಲಿನ ಮಕ್ಕಳ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ.

ಶಾಲೆಯಲ್ಲಿ ಇಬ್ಬರೇ ಮಾಸ್ತರರು. ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ ವಯಸ್ಸಾದ ಹೆಡ್ ಮಾಸ್ತರರು ನಾಲ್ಕು ಮತ್ತು ಐದನೆಯವರನ್ನು ನೋಡಿಕೊಂಡರೆ, ಒಂದರಿಂದ ಮೂರರವರೆಗಿನ ಮಕ್ಕಳು ನನ್ನ ಪಾಲು. ಅರ್ಧಕ್ಕೂ ಹೆಚ್ಚು ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು. ನಾನು ಕನ್ನಡದಲ್ಲಿ ಏನು ಕೇಳಿದರೂ ಬಾಯಿ ಬಿಡದೆ ನೆಲ ನೋಡುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಬೈಯುತ್ತಿದ್ದೆ. ಬೈದಷ್ಟೂ ಅವರು ಇನ್ನಷ್ಟು ನೆಲ ನೋಡುತ್ತಿದ್ದರು.

ಆ ವರ್ಷ ಮೇಲಿನಿಂದ ಒಂದು ರೇಡಿಯೋ ಬಂತು. ಜೊತೆಗೆ ವರ್ಷಕ್ಕಾಗುವಷ್ಟು ಸೆಲ್‌ಗಳ ಡಬ್ಬಿ ಮತ್ತು ಒಂದು ಪುಸ್ತಿಕೆ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಎರಡೂವರೆಗೆ ಸಣ್ಣ ಮಕ್ಕಳಿಗೆ ರೇಡಿಯೋ ಪಾಠ. ಹೆಡ್ ಮಾಸ್ತರರು ಕಪಾಟಿನ ಕೀಲಿ ನನ್ನ ಕೈಗೆ ಕೊಟ್ಟು, "ಈ ಡಬ್ಬಿ ಉಸಾಬರಿ ನಿಮ್ದರೀ. ನನಗ ಇದರಾಗಿಂದು ಏನೂ ತಿಳಿಯೂದಿಲ್ಲ" ಎಂದರು.

ಪಾಠವೆಂದರೆ ಬರೀ ಆಟ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆದಿಡಬೇಕು. ರೇಡಿಯೋದಲ್ಲಿ ಪಾಠ ಹೇಳುವ ಅಕ್ಕ "ಕಮಲ" ಎಂದರೆ ಮಕ್ಕಳು ಕ ಇರುವ ವೃತ್ತಕ್ಕೆ ಜಿಗಿಯಬೇಕು. ಹುಣಸೆ ಬೀಜ ಎಣಿಸಿ ಕೂಡಿಸಬೇಕು, ಕಳೆಯಬೇಕು. ಹಾಡು ಮುಗಿಯುವುದರೊಳಗೆ ಹೊರಗೆ ಓಡಿಹೋಗಿ ಒಂದು ಒರಟು ಎಲೆ, ಒಂದು ನುಣುಪು ಕಲ್ಲು ತರಬೇಕು. ಪ್ರಶ್ನೆ ಕೇಳಿ ಅಕ್ಕ ಗಂಟೆ ಬಾರಿಸುತ್ತಿದ್ದಳು. ಹತ್ತು ಎಣಿಸುವಷ್ಟು ಹೊತ್ತು ರೇಡಿಯೋ ಸುಮ್ಮನಿರುತ್ತಿತ್ತು. ಆಮೇಲೆ "ಶಭಾಷ್ ಮಕ್ಕಳೇ, ಸರಿಯಾದ ಉತ್ತರ" ಎನ್ನುತ್ತಿದ್ದಳು. ಮಕ್ಕಳು ಸರಿ ಹೇಳಿದರೋ ತಪ್ಪು ಹೇಳಿದರೋ ಅವಳಿಗೇನು ಕಾಣುತ್ತದೆ? ನೋಡದೆ ಶಭಾಷ್ ಕೊಡುವ ಈ ಪದ್ಧತಿಯನ್ನು ನಾನು ಹೆಂಡತಿಯ ಮುಂದೆ ಹೇಳಿ ನಗಾಡಿದ್ದೆ.

ಮಾಸ್ತರರೂ ಮಕ್ಕಳೊಡನೆ ಜಿಗಿಯಬೇಕು ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಡಿಗ್ರಿ ಮುಗಿಸಿದವನು ಡಬ್ಬಿಯ ಮಾತು ಕೇಳಿ ಕಪ್ಪೆಯ ಹಾಗೆ ಕುಪ್ಪಳಿಸುವುದೇ ಎಂದು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಮಕ್ಕಳು ಮಾತ್ರ ಬೇರೆಯೇ ಆಗಿಬಿಟ್ಟರು. ನನಗೆ ಒಂದು ದಿನವೂ ಉತ್ತರ ಕೊಡದ ಆ ಗೌಳಿಗರ ಹುಡುಗಿ ರೇಡಿಯೋಗೆ ಗಂಟಲು ಹರಿಯುವ ಹಾಗೆ ಉತ್ತರ ಕೊಡುತ್ತಿದ್ದಳು. ಎರಡೇ ತಿಂಗಳಲ್ಲಿ ಅವಳಿಗೆ ಕನ್ನಡ ಬಂತು. ಅದೂ ನಮ್ಮ ಕಡೆಯ ಕನ್ನಡವಲ್ಲ, ರೇಡಿಯೋ ಅಕ್ಕನ ಕನ್ನಡ. "ಗುರೂಜಿ, ನಾನು ನೀರು ಕುಡಿದು ಬರಲೇ?" ಎಂದು ಕೇಳುತ್ತಿದ್ದಳು. ಆ ಊರಿನಲ್ಲಿ ಹಾಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಒಂದು ಡಬ್ಬಿಯ ಮೇಲೆ ಹೊಟ್ಟೆಕಿಚ್ಚುಪಟ್ಟವನು ನಾನು, ಇದನ್ನು ಹೇಳಿಕೊಳ್ಳಲಿಕ್ಕೂ ಈಗ ನಾಚಿಕೆಯಾಗುತ್ತದೆ.

ಚಳಿಗಾಲಕ್ಕೆ ಕ್ರಿಕೆಟ್ ಶುರುವಾಯಿತು. ನನಗೆ ಅದರ ಹುಚ್ಚು. ಚರ್ಮದ ಚೀಲದ ಹಳೆಯ ಟ್ರಾನ್ಸಿಸ್ಟರ್ ಒಂದು ನನ್ನ ಬಳಿ ಇತ್ತು, ರೈಲಿನಲ್ಲಿ ಹೋಗಿಬರುವಾಗ ಕಾಮೆಂಟರಿ ಕೇಳುತ್ತಿದ್ದೆ. ಶಾಲೆಯ ರೇಡಿಯೋಗೆ ಹಾಕುವ ದಪ್ಪ ಸೆಲ್‌ಗಳೇ ಅದಕ್ಕೂ ಆಗುತ್ತಿದ್ದವು. ಮೊದಲು ಡಬ್ಬಿಯಿಂದ ಒಂದು ಜೋಡಿ ತೆಗೆದೆ, ಆಮೇಲೆ ಮತ್ತೊಂದು. ಸಂಕ್ರಾಂತಿಯ ಹೊತ್ತಿಗೆ ಡಬ್ಬಿ ಖಾಲಿ. ಕೊನೆಗೆ ಒಂದು ಮಧ್ಯಾಹ್ನ ಕಪಾಟಿನ ಮುಂದೆ ಕುಳಿತು, ಶಾಲೆಯ ರೇಡಿಯೋದ ಬೆನ್ನು ಬಿಚ್ಚಿ, ಅದರೊಳಗಿದ್ದ ಎರಡು ಸೆಲ್ ತೆಗೆದು ನನ್ನದಕ್ಕೆ ಹಾಕಿಕೊಂಡೆ. ತಲೆ ಎತ್ತಿದರೆ ಬಾಗಿಲಲ್ಲಿ ಆ ಹುಡುಗಿ, ಸೀಮೆಸುಣ್ಣ ಕೇಳಲು ಬಂದವಳು.

"ಸೆಲ್ ಮುಗದಾವು. ಖಾನಾಪುರದಾಗ ಹೊಸಾವು ತಗೊಂಡು ಬರ್ತೇನಿ, ಹೋಗ್ ಕುಂದ್ರು" ಎಂದೆ.

ಅವಳು ನನ್ನ ಟ್ರಾನ್ಸಿಸ್ಟರನ್ನು ನೋಡಿದಳು. ಸೀಮೆಸುಣ್ಣ ಕೇಳದೆ ಹೋದಳು.

ಆಮೇಲೆ ವಾರಗಟ್ಟಲೆ ಅದೇ ಸಬೂಬು. ಸಂಜೆ ಸ್ಟೇಷನ್ನಿನಲ್ಲಿ ಗಾಡಿ ತಡವಾಗುತ್ತದೆ, ಖಾನಾಪುರ ಪೇಟೆಗೆ ಇಳಿಯಲು ಆಗುವುದಿಲ್ಲ ಎಂದು ನನಗೇ ಹೇಳಿಕೊಳ್ಳುತ್ತಿದ್ದೆ. ಮಂಗಳವಾರ ಬಂದರೆ ಮಕ್ಕಳಿಗೆ ಕಾಪಿ ಬರೆಯಲು ಹಚ್ಚಿ, ಪಡಸಾಲೆಯ ಮೂಲೆಯಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಕೂರುತ್ತಿದ್ದೆ.

ಅಂಥ ಒಂದು ಮಂಗಳವಾರ ಕೋಣೆಯೊಳಗಿಂದ ರೇಡಿಯೋ ಪಾಠದ ಶುರುವಿನ ಹಾಡು ಕೇಳಿಸಿತು. ಮಕ್ಕಳೇ ಹಾಡುತ್ತಿದ್ದರು. ಹಿಂದೆಯೇ, "ಮಕ್ಕಳೇ, ನಮಸ್ಕಾರ. ಎಲ್ಲರೂ ಎದ್ದು ನಿಂತಿರಾ?" ಎಂಬ ದನಿ. ಅಕ್ಕನದೇ ಧಾಟಿ, ಆದರೆ ಸಣ್ಣ ಗಂಟಲು. ಕಿಟಕಿಯಿಂದ ಇಣುಕಿದೆ. ನಾನು ಕೀಲಿ ಹಾಕದೆ ಬಿಟ್ಟಿದ್ದ ಕಪಾಟಿನಿಂದ ಸೆಲ್ ಇಲ್ಲದ ರೇಡಿಯೋವನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಮೇಜಿನ ಹಿಂದೆ ಹುಡುಗಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಪ್ರಶ್ನೆ ಕೇಳಿ, ಸ್ಟೀಲ್ ಲೋಟಕ್ಕೆ ಪೆನ್ಸಿಲ್‌ನಿಂದ ಬಡಿದು ಗಂಟೆ ಮಾಡಿ, ಬೆರಳು ಮಡಚುತ್ತ ಹತ್ತು ಎಣಿಸುತ್ತಿದ್ದಳು. ಆಮೇಲೆ ಮೇಜಿನ ಅಂಚಿನಿಂದ ಕಣ್ಣಷ್ಟೇ ಮೇಲೆತ್ತಿ ನೋಡುತ್ತಿದ್ದಳು. ಎಲ್ಲರೂ ಸರಿಯಾದ ವೃತ್ತದಲ್ಲಿ ನಿಂತಿದ್ದರೆ ಶಭಾಷ್. ಒಂದನೇ ಇಯತ್ತೆಯ ಒಂದು ಪೋರ ತಪ್ಪು ವೃತ್ತದಲ್ಲಿ ನಿಂತಿದ್ದ. "ಇನ್ನೊಮ್ಮೆ ಯೋಚಿಸು ಮಗು, ನಾವು ಕಾಯುತ್ತೇವೆ" ಎಂದು ಅವನಿಗಾಗಿ ಮತ್ತೆ ಹತ್ತು ಎಣಿಸಿದಳು. ಅವನು ಅಕ್ಕಪಕ್ಕ ನೋಡಿ ಸರಿಯಾದ ವೃತ್ತಕ್ಕೆ ಜಿಗಿದ.

ಈಚೆಗೆ ಕೊರೊನಾ ಕಾಲದಲ್ಲಿ ನನ್ನ ಮೊಮ್ಮಗ ಎರಡು ವರ್ಷ ಮನೆಯಲ್ಲೇ ಫೋನಿನ ಮುಂದೆ ಕುಳಿತು ಶಾಲೆ ಕಲಿತಾಗ ಅವನ ಟೀಚರೂ ಇಂಥವೇ ಆಟ ಆಡಿಸುತ್ತಿದ್ದರು. ಮನೆಯೊಳಗಿನ ಕೆಂಪು ಸಾಮಾನು ಹುಡುಕಿ ತನ್ನಿ, ಐದು ಸಲ ಚಪ್ಪಾಳೆ ತಟ್ಟಿ ಎನ್ನುತ್ತಿದ್ದರು. ಇವನು ಅಡುಗೆಮನೆಯಿಂದ ಟೊಮೆಟೊ ತಂದು ಫೋನಿಗೆ ತೋರಿಸುತ್ತಿದ್ದ. ಚಂದದ ಆಟಗಳೇ. ಆದರೆ ಹಿಂದುಳಿದವನಿಗಾಗಿ ಎರಡನೆಯ ಸಲ ಹತ್ತು ಎಣಿಸಿದವರನ್ನು ನಾನು ಆ ಹುಡುಗಿಯ ನಂತರ ಕಂಡಿಲ್ಲ.

ಅವತ್ತು ಕಿಟಕಿಯಲ್ಲಿ ನಿಂತು ನನಗೆ ನಾಚಿಕೆಯಾಯಿತು ಎಂದು ಬರೆದರೆ ಈ ಬರಹ ಚಂದ ಕಾಣುತ್ತಿತ್ತು. ನನಗೆ ಆಗ ಆದದ್ದು ಸಮಾಧಾನ. ಮಕ್ಕಳು ತಮ್ಮಷ್ಟಕ್ಕೆ ಇದ್ದಾರೆ, ಇನ್ನು ಖಾನಾಪುರದಲ್ಲಿ ಇಳಿಯುವ ತಾಪತ್ರಯವಿಲ್ಲ ಎಂದುಕೊಂಡು ಮೂಲೆಗೆ ಮರಳಿ ಸ್ಕೋರ್ ಕೇಳಿದೆ.

ಎರಡು ಮೂರು ವಾರ ಹೀಗೇ ನಡೆಯಿತು. ಒಂದು ಗುರುವಾರ ಮಧ್ಯಾಹ್ನ ಹೇಳದೆ ಕೇಳದೆ ತಪಾಸಣೆಯ ಸಾಹೇಬರ ಜೀಪು ಬಂದು ನಿಂತಿತು. ಹೆಡ್ ಮಾಸ್ತರರು ಅವರನ್ನು ಆಫೀಸಿನ ಸಣ್ಣ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದರು. ನಾನು ಟ್ರಾನ್ಸಿಸ್ಟರನ್ನು ಹೆಗಲಚೀಲಕ್ಕೆ ತುರುಕಿ ಬಾಜೂಕ್ಕೆ ನಿಂತೆ. ಬಾಗಿದಾಗಲೆಲ್ಲ ಅದು ಪಕ್ಕೆಗೆ ಒತ್ತುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ ಹಾಡು ಶುರುವಾಯಿತು.

ಸಾಹೇಬರು ಗಡಿಯಾರ ನೋಡಿಕೊಂಡರು. "ರೇಡಿಯೋ ಪಾಠ ಹಚ್ಚೀರೇನು? ಎಷ್ಟು ಸಾಲ್ಯಾಗ ನೋಡೇನಿ, ಎಲ್ಲಾ ಕಡೆ ಕಪಾಟಿನಾಗ ಇರ್ತೈತಿ."

"ಹೌದ್ರೀ ಸರ, ಹಚ್ಚೇವ್ರಿ" ಎಂದೆ. ಬಾಯಿ ತಾನೇ ಹೇಳಿಬಿಟ್ಟಿತು.

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ವರ್ಗದ ಆಸೆ ಮಣ್ಣುಪಾಲಾಯಿತು, ಇನ್ನು ನೌಕರಿಯೂ ಉಳಿಯುವುದಿಲ್ಲ ಎಂದುಕೊಂಡೆ. ಬಾಗಿಲಿಗೆ ಹೋದ ಸಾಹೇಬರು ಬಹಳ ಹೊತ್ತು ಒಳಗೆ ನೋಡುತ್ತ ನಿಂತರು. ಹುಡುಗಿಗೆ ಅವರು ಕಾಣುತ್ತಿರಲಿಲ್ಲ. ಹುಣಸೆ ಬೀಜದ ಲೆಕ್ಕ ಹಾಕಿಸುತ್ತಿದ್ದಳು. ಹತ್ತು ಬೀಜ ಹತ್ತು ಎಮ್ಮೆಗಳಂತೆ, ಮೂರು ಎಮ್ಮೆ ಕಾಡಿಗೆ ಹೋದವಂತೆ, ಕೊಟ್ಟಿಗೆಯಲ್ಲಿ ಉಳಿದವು ಎಷ್ಟು? ಈ ಎಮ್ಮೆಗಳು ಯಾವ ರೇಡಿಯೋದಲ್ಲೂ ಬಂದಿರಲಿಲ್ಲ, ಅವಳೇ ಹುಟ್ಟಿಸಿದ್ದಳು.

ಸಾಹೇಬರು ನಕ್ಕುಬಿಟ್ಟರು. ಒಳಗೆ ಹೋಗಿ ರೇಡಿಯೋ ಎತ್ತಿ ನೋಡಿದರು. ಹಗುರವಾಗಿತ್ತು. "ಸೆಲ್ಲಿಲ್ಲಲ್ರೀ ಮಾಸ್ತರ?"

"ಮುಗದಾವ್ರಿ ಸರ. ಪಾಠ ನಿಲ್ಲಬಾರದಂತ ಹಿಂಗ ಮಾಡ್ರಿ ಅಂತ ನಾನ ಕಲಿಸೇನ್ರಿ."

ಈ ವಾಕ್ಯವನ್ನು ನಾನು ಅಳುಕದೆ ಹೇಳಿದೆ. ಹೆಗಲ ಚೀಲದಲ್ಲಿ ಶಾಲೆಯ ಸೆಲ್ ಇಟ್ಟುಕೊಂಡೇ ಹೇಳಿದೆ.

ಸಾಹೇಬರು ಹುಡುಗಿಯ ತಲೆ ಸವರಿ, "ಇದನ್ನ ಯಾರು ಕಲಿಸಿದ್ರವ್ವಾ ನಿನಗ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಆಮೇಲೆ ನನ್ನ ಚೀಲದ ಕಡೆ ನೋಡಿದಳು. ಒಂದು ಮಾತು ಸಾಕಿತ್ತು ಅವಳಿಗೆ.

"ಗುರೂಜಿ ಕಲಿಸಿದರು" ಎಂದಳು.

ಸಾಹೇಬರು ಭೇಟಿ ಪುಸ್ತಕದಲ್ಲಿ ಅರ್ಧ ಪುಟ ಹೊಗಳಿ ಬರೆದರು. ಆ ತಿಂಗಳೇ ಖಾನಾಪುರದ ಶಿಕ್ಷಕರ ಸಭೆಯಲ್ಲಿ ನನ್ನನ್ನು ನಿಲ್ಲಿಸಿ, ಈ ಆಟಗಳನ್ನು ಎಲ್ಲರಿಗೂ ವಿವರಿಸಲು ಹೇಳಿದರು. ನಾನು ಎಮ್ಮೆಗಳ ಲೆಕ್ಕವನ್ನೂ ಎರಡನೆಯ ಸಲ ಹತ್ತು ಎಣಿಸುವುದನ್ನೂ ನನ್ನದೇ ಎನ್ನುವಂತೆ ಹೇಳಿದೆ. ಮಾಸ್ತರರು ಬರೆದುಕೊಂಡರು. ಅವರ ಮುಂದೆ ಕುಪ್ಪಳಿಸಿಯೂ ತೋರಿಸಿದೆ, ಆಗ ನನಗೆ ಡಿಗ್ರಿ ನೆನಪಾಗಲಿಲ್ಲ. ಬೇಸಿಗೆ ರಜೆಗೆ ಮುಂಚೆ ಬೆಳಗಾವಿಗೆ ವರ್ಗದ ಆದೇಶ ಬಂತು, ಉಳಿದ ಮಾಸ್ತರರಿಗೆ ಆಟದ ಪಾಠ ಕಲಿಸುವ ಕೆಲಸದ ಜೊತೆಗೆ. ನೋಡದೆ ಕೊಟ್ಟ ಶಭಾಷನ್ನು ನಾನು ನಿವೃತ್ತಿಯವರೆಗೂ ತಿಂದೆ.

ಆ ಹಳ್ಳಿಯ ಶಾಲೆಯಲ್ಲಿ ನನ್ನ ಕೊನೆಯ ದಿನ ಹೆಡ್ ಮಾಸ್ತರರು ಮಾಲೆ ಹಾಕಿದರು. "ನಿಮ್ಮಂಥವರು ಹಳ್ಯಾಗ ಉಳಿಯೂದಿಲ್ರಿ, ನಮ್ಮ ನಸೀಬ" ಎಂದು ಕಣ್ಣೊರೆಸಿಕೊಂಡರು. ನಿಜಕ್ಕೂ ದುಃಖಪಟ್ಟಿದ್ದರು ಪಾಪ. ಮಕ್ಕಳು ಊರ ಹೊರಗಿನ ಹಳ್ಳದವರೆಗೆ ನನ್ನ ಜೊತೆ ಬಂದು ಒಬ್ಬೊಬ್ಬರೇ ತಿರುಗಿಹೋದರು. ಆ ಹುಡುಗಿ ಮಾತ್ರ ನಿಂತಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ಚಲೋತ್ನಾಗಿ ಓದು" ಎಂದೆ.

ಅವಳು ತಲೆಯಾಡಿಸಲಿಲ್ಲ. ಆ ರೇಡಿಯೋ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಗುರೂಜಿ, ಹೊಸ ಗುರೂಜಿ ಸೆಲ್ ತೆಗೆಯುವುದಿಲ್ಲ, ಅಲ್ಲವೇ?"

ಚುಚ್ಚುವ ದನಿ ಅದರಲ್ಲಿ ಇರಲಿಲ್ಲ. ಅವಳಿಗೆ ಉತ್ತರ ಬೇಕಾಗಿತ್ತು. ಪಕ್ಕಕ್ಕೆ ಇಳಿಬಿಟ್ಟಿದ್ದ ಅವಳ ಕೈಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದುದು ನನಗೆ ಕಾಣಿಸಿತು. ಹತ್ತು ಮುಗಿಯಿತು. ನಾನು ಬಾಯಿ ಬಿಡಲಿಲ್ಲ, ನೆಲ ನೋಡುತ್ತಿದ್ದೆ. ಅವಳು ಮತ್ತೆ ಮೊದಲಿನಿಂದ ಎಣಿಸತೊಡಗಿದಳು.

ಸೆಲ್‌ಗಳು ಚೀಲದೊಳಗೇ ಇದ್ದವು. ಕೈ ಹಾಕಿ ತೆಗೆದು ಕೊಟ್ಟಿದ್ದರೆ ಆಗುತ್ತಿತ್ತು. ಕೊಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳ ಎರಡನೆಯ ಹತ್ತು ಮುಗಿಯುವ ಮೊದಲೇ ತಿರುಗಿ, ಗುಂಜಿ ಸ್ಟೇಷನ್ನಿನ ದಾರಿ ಹಿಡಿದೆ.