ಏರು ಸಿಕ್ಕಾಗ ಮಾತ್ರ ಉರಿಯುವ ದೀಪ

ರೂಪ ಮೂರನೇ ಸಲ ಅದೇ ಕಾರನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಗುರುಪಾದಸ್ವಾಮಿ ಎದ್ದು ಬರಲಿಲ್ಲ. ಕಾರಿನ ಕಾಯಿಲೆ ಯಾವುದೆಂದು ಅವಳ ಮುಖವೇ ಹೇಳುತ್ತಿತ್ತು.

"ಅದೇ ಕಣ್ ಗುರಣ್ಣ. ರಾಮಾಪುರ ದಾಟಿ ಏರು ಸಿಕ್ತಿದ್ದಂಗೆ ಸ್ಟೇರಿಂಗ್ ಮುಂದೆ ಅಳದಿ ದೀಪ ಬಂತು, ಗಾಡಿ ಉಸ್ರು ಕಟ್ಟೋಯ್ತು. ಎತ್ತಿನ್ ಗಾಡಿನೇ ವಾಸಿ."

ಗುರುಪಾದಸ್ವಾಮಿ ಕೊಳ್ಳೇಗಾಲದಲ್ಲಿ ಗ್ಯಾರೇಜು ಹಾಕಿ ಇಪ್ಪತ್ತೇಳು ವರ್ಷ. ಜೀಪುಗಳ ಕಾಲದಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನು. ಟರ್ಬೊ ಕಾರುಗಳು ಬಂದ ಮೇಲೆ ಕಿವಿಯನ್ನು ನೆಚ್ಚಿಕೊಂಡರೆ ಆಗದೆಂದು ಸ್ಕ್ಯಾನರ್ ಕೊಂಡ, ಅದನ್ನು ಓದುವುದನ್ನೂ ಕಲಿತ. ಈ ಕಾರಿನ ವಿಷಯದಲ್ಲಿ ಆ ಸ್ಕ್ಯಾನರ್ ತಿಂಗಳಿಂದ ಒಂದೇ ಮಾತು ಹೇಳುತ್ತಿತ್ತು: ಇಂಜಿನ್ನಿಗೆ ಒತ್ತಿ ತುಂಬುವ ಗಾಳಿಯನ್ನು ಅಳೆಯುವ ಸೆನ್ಸರ್‌ನಲ್ಲಿ ದೋಷ. ಮೊದಲು ಅದನ್ನು ಬಿಚ್ಚಿ ತೊಳೆದು ಹಾಕಿದ. ಆಮೇಲೆ ಹೊಸದನ್ನೇ ತರಿಸಿ ಹಾಕಿದ. ಗಾಳಿ ಸೋರುತ್ತಿರಬಹುದೆಂದು ದಪ್ಪ ರಬ್ಬರ್ ಪೈಪನ್ನೂ ಬದಲಾಯಿಸಿದ. ಗ್ಯಾರೇಜಿನಲ್ಲಿ ಕಾರು ಗುರ್ರೆಂದು ಚೆನ್ನಾಗಿಯೇ ಓಡುತ್ತಿತ್ತು. ಹನೂರಿನ ಆಚೆ ಹೋದರೆ ಮತ್ತೆ ಅದೇ ರಾಗ.

"ಏರಿನ್ ಮೇಲ್ಗಡೆ ಚೆಲುವಮ್ಮನ ಅಸ ಬೆದೆಗೆ ಬಂದಿತ್ತು," ಎಂದಳು ರೂಪ. "ಗಾಡಿ ತೆವಳ್ಕಂಡು ಓಗೋ ಒತ್ಗೆ ಒತ್ತು ಮೀರೋಗಿತ್ತು. ಇನ್ನು ಇಪ್ಪತ್ತೊಂದ್ ದಿನ ಕಾಯ್ಬೇಕು. ಆ ಯಮ್ಮ ಬಯ್ದಿದ್ ಒಂದೊಂದಲ್ಲ."

ರೂಪ ಹನೂರಿನವಳು. ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ದ್ರವ ಸಾರಜನಕದ ಕ್ಯಾನನ್ನು ಡಿಕ್ಕಿಯಲ್ಲಿಟ್ಟುಕೊಂಡು ಕಾಡಂಚಿನ ಹಳ್ಳಿಗಳಿಗೆ ಹೋಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು ಅವಳ ಕೆಲಸ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಆ ಕೆಲಸಕ್ಕೆ ಅರ್ಥವೇ ಇಲ್ಲ.

ಗುರುಪಾದಸ್ವಾಮಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಿಗೆ ಎಸೆದ. ಯಳಂದೂರಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಉದಯಕುಮಾರನಿಗೆ ಫೋನು ಮಾಡುವುದಕ್ಕೆ ಅವನಿಗೆ ಮನಸ್ಸಿರಲಿಲ್ಲ. ತನಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಮಾಡಿದ.

"ಸೆನ್ಸರ್ ಸತ್ತೋಗಿದ್ರೆ ನಿಮ್ ಗ್ಯಾರೇಜಲ್ಲೂ ತೋರಿಸ್ಬೇಕಲ್ವಾ ಸಾ?" ಎಂದ ಉದಯಕುಮಾರ. "ಏರಲ್ಲಿ ಮಾತ್ರ ಅಂದ್ರೆ ವೈರ್ ನೋಡಿ."

"ವೈರ್ ನೋಡ್ದೇ ಇರ್ತೀನೇನ್ಲಾ? ಮೀಟ್ರು ಇಟ್ಟು ನೋಡಿದೀನಿ. ಎಲ್ಲಾ ಸರ್ಯಾಗದೆ."

"ನಿಂತಿರೋ ಗಾಡೀಲಿ ನೋಡಿದೀರ."

ಫೋನು ಇಟ್ಟ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು. ಚುಚ್ಚಲು ಕಾರಣ, ಅದು ಸರಿಯಾಗಿತ್ತು. "ನಡಿಯವ್ವ, ನಾನೂ ಬತ್ತೀನಿ," ಎಂದು ಸ್ಕ್ಯಾನರ್ ಡಬ್ಬಿಗೆ ಇಕ್ಕಳ, ವೈರು, ಟೇಪು ತುಂಬಿಕೊಂಡು ರೂಪಳ ಪಕ್ಕ ಕುಳಿತ.

ರಾಮಾಪುರದವರೆಗೆ ಪರದೆಯ ಮೇಲಿನ ಅಂಕಿಗಳು ತಪ್ಪಿಲ್ಲದೆ ಏರಿಳಿಯುತ್ತ ಬಂದವು. ಏರು ಶುರುವಾಯಿತು. ರೂಪ ಆಕ್ಸಿಲರೇಟರ್ ಒತ್ತಿದಳು. ಗಾಳಿಯ ಒತ್ತಡ ಮೇಲೇರುತ್ತ ಹೋಗಿ, ಯಾರೋ ಕತ್ತರಿಸಿದಂತೆ ಒಮ್ಮೆಗೇ ಸೊನ್ನೆಯಾಯಿತು. ಹಳದಿ ದೀಪ ಹತ್ತಿತು, ಕಾರು ಮುಗ್ಗರಿಸಿತು.

"ನಿಲ್ಸು, ನಿಲ್ಸು! ಗಾಳಿ ಸೋರಿದ್ರೆ ಇಂಗೆ ಬೀಳಲ್ಲ, ನಿಧಾನಕ್ಕೆ ಇಳೀತದೆ. ಇದು ವೈರೇ."

ಬಿಸಿಲು ನೆತ್ತಿಯ ಮೇಲಿತ್ತು. ಇಂಜಿನ್ ಓಡುತ್ತಿರುವಂತೆಯೇ ಬಾನೆಟ್ ಎತ್ತಿ, ಸ್ಕ್ಯಾನರನ್ನು ರೂಪಳ ಕೈಗೆ ಕೊಟ್ಟು, ಸೆನ್ಸರ್‌ನಿಂದ ಹೊರಟ ವೈರನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬಂದ. ಮುಂಗೈ ಬಿಸಿ ಪೈಪಿಗೆ ತಾಗಿ ಚುರ್ರೆಂದಿತು. ಬಾಯಿಗೆ ಬಂದದ್ದನ್ನು ಬೈದುಕೊಂಡು ಮತ್ತೆ ಕೈ ಹಾಕಿದ. ಬ್ಯಾಟರಿಯ ಹಿಂದಿನ ಕಬ್ಬಿಣದ ಪಟ್ಟಿಯ ಹತ್ತಿರ ಬಂದಾಗ ರೂಪ ಕೂಗಿದಳು:

"ಸೊನ್ನೆ ಆಯ್ತು! ಈಗ ಬಂತು. ಮತ್ತೆ ಸೊನ್ನೆ!"

ಬಗ್ಗಿ ನೋಡಿದ. ವೈರನ್ನು ಪಟ್ಟಿಗೆ ಬಿಗಿದು ಕಟ್ಟಿದ್ದ ಪ್ಲಾಸ್ಟಿಕ್ ದಾರ ಹಸಿರು ಬಣ್ಣದ್ದು. ಕಂಪನಿಯವರು ಕಟ್ಟುವುದು ಕರಿಯದು. ಆ ಹಸಿರು ಕಟ್ಟು ಅವನ ಗ್ಯಾರೇಜಿನದೇ. ಮಳೆಗಾಲದಲ್ಲಿ ಸ್ಟಾರ್ಟರ್ ಬದಲಾಯಿಸಿದಾಗ ವೈರು ಜೋಲಾಡದಿರಲಿ ಎಂದು ಅವನೇ ಬಿಗಿದಿದ್ದ. ಏರಿನಲ್ಲಿ ಇಂಜಿನ್ ಒಂದು ಕಡೆಗೆ ವಾಲಿದಾಗಲೆಲ್ಲ ವೈರು ಜಗ್ಗಿ ಜಗ್ಗಿ, ಮೇಲಿನ ಹೊದಿಕೆ ಹಾಗೇ ಉಳಿದು ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ನಿಂತಾಗ ಎಳೆಗಳು ಒಂದಕ್ಕೊಂದು ತಾಗುತ್ತಿದ್ದವು, ಮೀಟರು ಸರಿ ತೋರಿಸುತ್ತಿತ್ತು.

ಹೇಳದಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. "ಇದು ನಂದೇ ಕೆಲ್ಸ ಕಣವ್ವ," ಎಂದ. "ಬಿಗಿಯಾಗ್ ಕಟ್ಬುಟ್ಟಿದ್ದೆ."

ರೂಪ ಸ್ಕ್ಯಾನರನ್ನು ಅವನ ಕೈಗೆ ವಾಪಸು ಕೊಟ್ಟಳು. "ಒಂದ್ ತಿಂಗ್ಳಿಂದ ಊರೂರಲ್ಲಿ ಬೈಸ್ಕಂಡಿದೀನಿ, ಗುರಣ್ಣ," ಎಂದಳು.

ಅವನು ತುಂಡಾದ ಜಾಗವನ್ನು ಕತ್ತರಿಸಿ, ಬೇರೆ ವೈರು ಸೇರಿಸಿ, ಸಡಿಲ ಬಿಟ್ಟು ಟೇಪು ಸುತ್ತಿದ. ಕಾರು ಏರನ್ನು ಒಂದೇ ಉಸಿರಿಗೆ ಹತ್ತಿತು. ಮೇಲೆ ತಲುಪಿದ ಮೇಲೆ ಅವನೇ, "ಚೆಲುವಮ್ಮನ್ ಮನೆತಾವ್ಕೆ ಓಗು," ಎಂದ.

ಚೆಲುವಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಗುರುಪಾದಸ್ವಾಮಿ ನಿಂತುಕೊಂಡೇ ವೈರು, ಕಟ್ಟು, ತನ್ನ ತಪ್ಪು ಎಲ್ಲ ವಿವರಿಸಿದ. ಅವಳು ಪೊರಕೆ ಕೆಳಗಿಡದೆ ಕೇಳಿಸಿಕೊಂಡಳು.

"ನಿನ್ ವೈರ್ ಕಥೆ ಕಟ್ಕಂಡು ನಾನೇನ್ ಮಾಡ್ಲಪ್ಪ? ಅಸ ಗಬ್ಬ ಆಯ್ತದಾ ಈಗ?"

ಆಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಹಸು ಮೆಲುಕು ಹಾಕುತ್ತ ಮಲಗಿತ್ತು. "ಮುಂದಿನ್ ಸಲ ಫೋನ್ ಮಾಡಿದ್ ತಕ್ಷಣ ಬತ್ತೀನಿ ಕಣವ್ವ," ಎಂದು ರೂಪ ಹೇಳುತ್ತಿದ್ದಂತೆ ಚೆಲುವಮ್ಮ ಮತ್ತೆ ಗುಡಿಸತೊಡಗಿದಳು.

ವಾಪಸು ಬರುವಾಗ ಹನೂರು ಸೇರುವಷ್ಟರಲ್ಲಿ ರೂಪಳ ಫೋನು ಬಡಿದುಕೊಂಡಿತು. ಬೇರೊಂದು ಹಳ್ಳಿ, ಬೇರೊಂದು ಹಸು. "ಗುರಣ್ಣ, ನೀನ್ ಇಲ್ಲೇ ಇಳ್ಕೊ. ಬಸ್ಸಲ್ಲಿ ಓಗು. ನಂಗೆ ಒತ್ತಾಯ್ತದೆ," ಎಂದಳು.

ಇಳಿದ. ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಸುಟ್ಟ ಮುಂಗೈಯನ್ನು ಊದಿಕೊಳ್ಳುತ್ತ, ಸ್ಕ್ಯಾನರ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತ ಕುಳಿತ. ಮಳೆಗಾಲದಿಂದೀಚೆಗೆ ಇನ್ನೂ ಎಷ್ಟು ಗಾಡಿಗಳಿಗೆ ಹಾಗೆ ಬಿಗಿದು ಕಟ್ಟಿದ್ದೇನೆ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳತೊಡಗಿದ.