ತೊಳೆದಿಟ್ಟ ಮೋಹಕ ಬಲೆ

ಹಣ್ಣಿನ ಬೆಳೆಗಳ ಕೀಟಶಾಸ್ತ್ರದಲ್ಲಿ ಹೆಸರು ಗಳಿಸಿದ ವಿದ್ವಾಂಸರು ನಾಡಿನಲ್ಲಿ ಹಲವರಿದ್ದಾರೆ. ಆದರೆ ನೊಣವೊಂದು ಗಾಳಿಯಲ್ಲಿ ಯಾವ ಪರಿಮಳದ ಜಾಡು ಹಿಡಿದು ಬರುತ್ತದೆಂದು ಬಸ್ಸಿನಲ್ಲಿ ಕಣ್ಣು ಮುಚ್ಚಿ ಯೋಚಿಸುತ್ತ, ಮಲವಗೊಪ್ಪದಲ್ಲಿ ಇಳಿಯುವುದನ್ನು ಮರೆತು ಭದ್ರಾವತಿಯವರೆಗೂ ಹೋಗಿಬಿಟ್ಟವರು ನಮ್ಮ ಡಾ. ಸೀತಾಲಕ್ಷ್ಮಿಯವರೊಬ್ಬರೇ ಇರಬೇಕು. ಪಕ್ಕದ ಸೀಟಿನಲ್ಲಿದ್ದ ಶಿಷ್ಯೆ ನಾನು. ಆ ಮುಖದ ನೆಮ್ಮದಿ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಹೊರಗಿನ ಹಣ್ಣುನೊಣವೊಂದು ನಮ್ಮ ಮಾವಿನ ತೋಟಗಳಿಗೆ ಕಾಲಿಟ್ಟಿತು. ಗೋಪಾಳದ ತಮ್ಮ ಮನೆಯ ತುಳಸಿಕಟ್ಟೆಗೆ ಗಂಡು ನೊಣಗಳು ಮುತ್ತುವುದನ್ನು ಕಂಡ ಮೇಡಂ, ಅಂಥದೇ ಪರಿಮಳದ ದ್ರವ್ಯದಲ್ಲಿ ನೆನೆಸಿದ ಮರದ ತುಂಡನ್ನು ಖಾಲಿ ನೀರಿನ ಬಾಟಲಿಯೊಳಗೆ ತೂಗುಬಿಟ್ಟು ಮೋಹಕ ಬಲೆ ಮಾಡಿದರು. ಅದರಲ್ಲಿ ಬಿದ್ದ ನೊಣಗಳು ಹೆಚ್ಚಾದರೆ ತೋಟದವರನ್ನು ಎಚ್ಚರಿಸುವುದು ಕ್ರಮ. ಬೆಳಗಿನ ಎಳೆಬಿಸಿಲಿನಲ್ಲಿ ಕೊಂಬೆಗಳ ನಡುವೆ ಆ ಬಾಟಲಿಗಳು ಮೆಲ್ಲನೆ ತೂಗುವುದನ್ನು ನೋಡುತ್ತ ನಿಂತರೆ ಬಂದ ಕೆಲಸವೇ ಮರೆತುಹೋಗುತ್ತಿತ್ತು.

ಮಲವಗೊಪ್ಪದ ಈಶ್ವರಮ್ಮನವರ ತೋಟದಲ್ಲಿ ಮಾತ್ರ ಬಲೆಗಳು ಸದಾ ಖಾಲಿ. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ನಿಂತು ಬೆಳೆಸಿದ ತೋಟ. ಅದು ಮೊದಲ ಫಸಲು. ನೊಣವಿಲ್ಲವೆಂದು ನಾನು ಸಮಾಧಾನಪಡುವಷ್ಟರಲ್ಲಿ ಮೇಡಂ ಬಾಟಲಿಯನ್ನು ಮೂಸಿದರು. ಪರಿಮಳದ ಜೊತೆಗೆ ಪಾತ್ರೆ ಸೋಪಿನ ವಾಸನೆ.

"ಈಶ್ವರಮ್ಮ, ಇದನ್ನ ತೊಳೆದ್ರಾ?"

"ಹೂಂ ಮೇಡಂ. ನೀವು ಬರೋ ದಿನ ಸತ್ತ ನೊಣ ತುಂಬಿರೋ ಬಾಟ್ಲಿ ಹೆಂಗೆ ತೋರಿಸ್ಲಿ? ಪ್ರತಿ ಸಲಾನೂ ಚೆಲ್ಲಿ, ತಿಕ್ಕಿ, ಒಣಗಿಸಿ ಕಟ್ತೀನಿ."

ನನಗೆ ತಲೆ ಕೆಟ್ಟುಹೋಯಿತು. ಕಾಯಿ ಬಲಿಯುವ ಹೊತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಫಸಲೆಲ್ಲ ಹುಳುವಿನ ಪಾಲಾಗುತ್ತಿತ್ತು. ಮೇಡಂ ನಕ್ಕು, "ಎಷ್ಟಿದ್ವು?" ಎಂದರು.

"ಒಂದೊಂದ್ರಲ್ಲೂ ಒಂದೊಂದು ಹಿಡಿ."

ಅಂದೇ ಉದುರಿದ ಕಾಯಿಗಳನ್ನು ಹೂಳಿಸಿ, ಬೆಲ್ಲ ಬೆರೆಸಿದ ಔಷಧಿ ಹೊಡೆಸಿ, ಮೇಡಂ ಆ ತೋಟವನ್ನು ಉಳಿಸಿಕೊಟ್ಟರು. ಮುಂದಿನ ವಾರ ಬಾಟಲಿಯ ತಳಕ್ಕೆ, ಸತ್ತ ನೊಣಗಳು ಬಂದು ಬೀಳುವಂತೆ, ತಿರುಗಿಸಿ ತೆಗೆಯುವ ಡಬ್ಬಿಯೊಂದನ್ನು ಜೋಡಿಸಿ ತಂದರು. "ಡಬ್ಬಿ ನನಗೆ ಎತ್ತಿಡಿ, ಬಾಟ್ಲಿ ಒರೆಸ್ಕೊಳ್ಳಿ, ಸೋಪು ಮಾತ್ರ ಬೇಡ" ಎಂದರು. ಭದ್ರಾವತಿಯ ಸುತ್ತಲ ತೋಟಗಳಿಗೂ ಹರಡಿದ ಆ ಬಲೆಯ ಕುರಿತು ಸಂಶೋಧನಾ ಲೇಖನ ಬರೆದಾಗ, ಡಬ್ಬಿ ರೈತರ ಅನುಕೂಲಕ್ಕೆ ಎಂದಷ್ಟೇ ಹೇಳಿದರು. ಈಶ್ವರಮ್ಮನವರ ಮರ್ಯಾದೆಯನ್ನು ಕಾಪಾಡಿದ ಆ ಒಂದು ಸಾಲಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಮೊನ್ನೆ ಮೇಡಂ ನಿವೃತ್ತರಾಗುವ ಸುದ್ದಿಯನ್ನು ನಾನು ಈಶ್ವರಮ್ಮನವರಿಗೆ ತಿಳಿಸಿದೆ. "ಇನ್ಮೇಲೆ ಡಬ್ಬಿ ಯಾರಿಗೆ ಎತ್ತಿಡ್ಲಿ?" ಎಂದರು.

ಅದನ್ನು ಮೇಡಂಗೆ ಹೇಳಿದೆ. "ನನಗೇ ಎತ್ತಿಡೋಕೆ ಹೇಳು ಮೈತ್ರಿ. ಬರ್ತೀನಿ."

ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ, ಭದ್ರಾವತಿಯ ಬಸ್ಸು ಎಂದಿನಂತೆ ಓಡುತ್ತಿರಲಿ. ಅವರು ಕಣ್ಣು ಮುಚ್ಚಿ ಯೋಚನೆಯಲ್ಲಿ ಮುಳುಗಿದಾಗ ಎಬ್ಬಿಸದಿರಲು ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ.